ಕಂಬದ ಮನೆಯ ತಾಂಬೂಲ

ನಲವತ್ತು ದಾಟಿದ ಗಂಡಸು ಬೆಳಬೆಳಗ್ಗೆ ಜಗಲಿ ಮೇಲೆ ಕಣ್ಣು ಮುಚ್ಚಿ ಕೂತು ತುಟಿ ಅಲ್ಲಾಡಿಸುತ್ತಿದ್ದರೆ, ಊರಿಗೆ ಹೊಸಬರು ಜಪ ಅಂದುಕೊಂಡು ಕೈ ಮುಗಿದು ಹೋಗುತ್ತಿದ್ದರು. ಕ್ಯಾಲನೂರಿನವರು ಮಾತ್ರ ಕೈ ಮುಗಿಯುತ್ತಿರಲಿಲ್ಲ. ಅವರಿಗೆ ಗೊತ್ತು, ಅದು ಜಪವೂ ಅಲ್ಲ, ಮಣ್ಣೂ ಅಲ್ಲ. ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವ ನರೇಶ ಮಾಲೂರು ಕಡೆಯ ಮಾಯಾಲೋಕದೊಳಗೆ ಮನಸ್ಸಿನಲ್ಲೇ ಸುತ್ತು ಹಾಕುತ್ತಿದ್ದಾನೆ, ಅಷ್ಟೇ.

ಮಾಯಾಲೋಕ ಅಂದರೆ ಅಮ್ಯೂಸ್‌ಮೆಂಟ್ ಪಾರ್ಕು. ಜಾರುವ ನೀರು, ತಿರುಗುವ ಚಕ್ರ, ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿದ ದೆವ್ವದ ಮನೆ. ಬೇರೆಯವರು ಮಕ್ಕಳ ಕಾಟಕ್ಕೆ ಒಂದು ಸಲ ಹೋಗಿ, ಒದ್ದೆ ಬಟ್ಟೆ ಹಿಂಡಿಕೊಂಡು ಬಂದು, ಸಾಕಪ್ಪ ಸಾಕು ಅನ್ನುವ ಜಾಗ. ಹೆಂಡತಿ ಮಕ್ಕಳಿಲ್ಲದ ನರೇಶ ವರ್ಷಕ್ಕೆರಡು ಸಲ ಒಬ್ಬನೇ ಹೋಗುತ್ತಿದ್ದ. ಒಂದು ಸಲ ಹೋಗಿ ಬಂದರೆ ಮುಂದಿನ ಸಲದವರೆಗೂ ಅಭ್ಯಾಸ. ಗೇಟಿನಿಂದ ಒಳಗೆ ಬಂದರೆ ಎಡಗಡೆ ಏನು, ಅದರ ಕಂಬಿಗೆ ಯಾವ ಬಣ್ಣ, ಗುಹೆ ರೈಲಿನ ಯಾವ ಡಬ್ಬಿಗೆ ಬಾಗಿಲು ಸರಿಯಾಗಿ ಹಾಕಲ್ಲ, ಎಲ್ಲವನ್ನೂ ದಿನಾ ಒಪ್ಪಿಸಿಕೊಳ್ಳುತ್ತಿದ್ದ. ಮುಂದಿನ ಸಲ ಹೋದಾಗ ಒಂದೊಂದನ್ನೇ ನೋಡಿ, ತಾನು ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೀಸೆಯಡಿ ನಗುತ್ತಾ ಬಸ್ಸು ಹತ್ತುತ್ತಿದ್ದ.

ಅವನ ಅಕ್ಕ ಗಂಗರತ್ನಮ್ಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಊರೊಳಗೇ ಕೊಟ್ಟ ಮದುವೆ. ಗಂಡ ಕದಿರಪ್ಪನ ಮನೆಗೂ ತವರಿಗೂ ಒಂದು ಓಣಿ ಅಂತರ. ದಿನ ಬೆಳಗಾದರೆ ತಮ್ಮನ ತಪಸ್ಸು ಕಣ್ಣಿಗೆ ಬೀಳಲೇಬೇಕು.

"ಯಾವ್ದಾದ್ರೂ ದೇವಸ್ಥಾನ ಸುತ್ತಿದ್ರೆ ಪುಣ್ಯನಾದ್ರೂ ಬರ್ತಿತ್ತು. ಇದನ್ನ ಸುತ್ತಿದ್ರೆ ಏನ್ಲಾ ಬರುತ್ತೆ? ತಲೆಸುತ್ತು!" ಅನ್ನುತ್ತಿದ್ದಳು.

"ಜ್ಞಾಪಕ ಅನ್ನೋದು ಹಸು ಇದ್ದಂಗೆ ಕಣಕ್ಕ. ದಿನಾ ಕರೀದಿದ್ರೆ ಬತ್ತೋಗುತ್ತೆ."

"ಕರೆದ ಹಾಲನ್ನ ಯಾವ ಡೇರಿಗೆ ಹಾಕ್ತೀಯ, ಅದನ್ನ ಹೇಳು ಮೊದ್ಲು."

ಅವನು ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಗಂಗರತ್ನಮ್ಮನ ಪಾಲಿಗೆ ಜ್ಞಾಪಕ ಅಂದರೆ ಅವಳಪ್ಪ ಮುನಿಯಲ್ಲಪ್ಪನದು. ಊರಲ್ಲಿ ಯಾವ ನಿಶ್ಚಿತಾರ್ಥವಾಗಲಿ, ತಾಂಬೂಲ ಕೂಗುವವನು ಅವನೇ. ಚಪ್ಪರದ ನಡುವೆ ನಿಂತು ಮೊದಲು ಕುರುಡುಮಲೆ ಗಣಪನ ತಾಂಬೂಲ, ಆಮೇಲೆ ಊರ ಗಂಗಮ್ಮನದು, ಆಮೇಲೆ ಮೂವತ್ತು ಚಿಲ್ಲರೆ ಮನೆಗಳದು. ದೊಡ್ಡಮನೆ, ಮೂಡಲ ಮನೆ, ಬಾವಿ ಮನೆ ಅಂತ ಒಂದೊಂದರ ಹೆಸರಿಗೂ ಅದರದರ ಸರದಿ. ಹೆಸರು ಕೂಗಿದ ಮನೆಯ ಹಿರಿಯ ಎದ್ದು ಬಂದು ಎಲೆ ಅಡಿಕೆ ತೆಗೆದುಕೊಳ್ಳಬೇಕು. ಒಂದು ಮನೆ ಬಿಟ್ಟರೂ ಆ ಮನೆಯವರು ಊಟಕ್ಕೆ ಕೂರುವುದಿಲ್ಲ. ಅವರು ಕೂರದೆ ಗಂಡಿನ ಕಡೆಯವರು ತಟ್ಟೆ ಬದಲಾಯಿಸುವುದಿಲ್ಲ. ಎರಡು ಎಲೆ, ಒಂದು ಬಟ್ಟಲಡಿಕೆ. ಅಷ್ಟಕ್ಕೇ ಸಂಬಂಧ ಮುರಿದು ಎದ್ದುಹೋದ ಶೂರರು ಈ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮುನಿಯಲ್ಲಪ್ಪ ಒಂದು ಸಲವೂ ತಪ್ಪಿದವನಲ್ಲ. ಅವನು ಕೂಗುತ್ತಿದ್ದರೆ ಮಗಳಿಗೆ ತಾನೇ ಸಿಂಹಾಸನದ ಮೇಲೆ ಕೂತ ಹಾಗೆ. ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಕೈಕಾಲು ಅಷ್ಟಿಷ್ಟು ಸುಧಾರಿಸಿದವು, ಹೆಸರುಗಳು ಸುಧಾರಿಸಲಿಲ್ಲ. ಯಾರದೋ ನಿಶ್ಚಿತಾರ್ಥದಲ್ಲಿ ಬಾವಿ ಮನೆಯನ್ನು ಎರಡು ಸಲ ಕೂಗಿ, ಮುಂದೇನು ಅಂತ ತೋಚದೆ ಚಪ್ಪರದ ಗಳು ನೋಡುತ್ತಾ ನಿಂತುಬಿಟ್ಟ. ಆಗ ಕಂಬದ ಮನೆಯ ಗಂಗುಲಪ್ಪ, ಗಂಗರತ್ನಮ್ಮನ ದೊಡ್ಡಪ್ಪನ ಮಗ, ಮೀಸೆ ತೀಡಿಕೊಂಡು ಎದ್ದು, "ಇನ್ಮೇಲೆ ಈ ಜವಾಬ್ದಾರಿ ನಾನು ನೋಡ್ಕೋತೀನಿ ಬಿಡು ಚಿಕ್ಕಪ್ಪ" ಅಂದ. ಅವನ ದನಿಯಲ್ಲಿ ಕರುಣೆಗಿಂತ ಖುಷಿ ಜಾಸ್ತಿ ಇತ್ತು. ಗಂಗರತ್ನಮ್ಮ ಅವತ್ತೇ ಹಲ್ಲು ಕಚ್ಚಿಕೊಂಡಳು. ಕೂಗುವುದು ತವರು ಬಿಟ್ಟು ಹೋಗಬಾರದು. ಹೋದರೂ ಆ ಗಂಗುಲಪ್ಪನ ಬಾಯಿಗಂತೂ ಹೋಗಬಾರದು.

ಅಷ್ಟರಲ್ಲಿ ಅವಳ ಮಗಳು ಮೇಘನಳಿಗೆ ಶ್ರೀನಿವಾಸಪುರದ ಕಡೆಯಿಂದ ಸಂಬಂಧ ಕೂಡಿಬಂತು. ಹುಡುಗ ಶ್ರೀಧರ್, ಮಾವಿನ ಮಂಡಿ ಮನೆತನ. ಮೇಘನ ಒಪ್ಪಿದ್ದಳು, ಒಪ್ಪಿದ್ದಳೇನು, ಫೋನು ಕಿವಿಯಿಂದ ಇಳಿಸುತ್ತಿರಲಿಲ್ಲ. ಹುಡುಗನ ತಾಯಿ ಆದಿಲಕ್ಷ್ಮಮ್ಮ ಮಾತ್ರ ಎಲ್ಲವನ್ನೂ ಎರಡು ಸಲ ತಿರುಗಿಸಿ ನೋಡುವ ಹೆಂಗಸು. "ಸೋದರಮಾವ ಮದ್ವೆ ಆಗಿಲ್ವಂತೆ, ಒಬ್ನೇ ಪಾರ್ಕಿಗೋಗ್ತಾನಂತೆ. ತಲೆ ಗಿಲೆ ಸರಿಯಾಗೈತಾ?" ಅಂತ ದಲ್ಲಾಳಿಯ ಕೈಲಿ ಕೇಳಿಸಿದ್ದಳು. ಗಂಗರತ್ನಮ್ಮ, "ನಮ್ ವಂಶದಲ್ಲಿ ತಲೆ ಕೆಟ್ಟೋರು ಯಾರೂ ಇಲ್ಲ" ಅಂತ ಹೇಳಿ ಕಳಿಸಿ, ಅವತ್ತು ಸಂಜೆ ಆ ತಲೆಯ ಹತ್ತಿರವೇ ಹೋಗಿ ಕೂತಳು.

"ಮೇಘನ ನಿಶ್ಚಿತಾರ್ಥಕ್ಕೆ ನೀನೇ ಕೂಗ್ಬೇಕು ಕಣೋ."

ನರೇಶ ಕಣ್ಣು ಬಿಟ್ಟ. "ನಾನಾ? ನನ್ನ ಜ್ಞಾಪಕ ಯಾವ ಡೇರಿಗೂ ಬರಲ್ಲ ಅಂತಿದ್ದೆ?"

"ಜಾಸ್ತಿ ಮಾತಾಡ್ಬೇಡ. ಕೂಗ್ತೀಯೋ ಇಲ್ವೋ?"

ಕೂಗುತ್ತೇನೆ ಅಂದ. ಅಪ್ಪನಿಗೆ ಜ್ಞಾಪಕ ಬಂದಷ್ಟನ್ನು ಅಪ್ಪನ ಹತ್ತಿರ, ಮಿಕ್ಕಿದ್ದನ್ನು ಅಕ್ಕನ ಹತ್ತಿರ ಕೇಳಿ ಕೇಳಿ ಮನೆಗಳ ಸರದಿ ಕಲಿತ. ಕಲಿತ ರೀತಿ ಕೇಳಿದರೆ ಉಗಿಯಬೇಕು. ಒಂದೊಂದು ಮನೆಯನ್ನು ಮಾಯಾಲೋಕದ ಒಂದೊಂದು ಆಟದ ಮೇಲೆ ಕೂರಿಸಿದ್ದ. ಗಣಪ ಟಿಕೆಟ್ ಕೌಂಟರಿನಲ್ಲಿ, ಗಂಗಮ್ಮ ಅಲೆ ಕೊಳದಲ್ಲಿ, ದೊಡ್ಡಮನೆ ತಿರುಗುವ ಚಕ್ರದಲ್ಲಿ, ಮೂಡಲ ಮನೆಯ ಮುದುಕ ದೆವ್ವದ ಮನೆ ಬಾಗಿಲಲ್ಲಿ. ಕಂಬದ ಮನೆ ಗಂಗುಲಪ್ಪ ಹಾರುವ ದೋಣಿಯಲ್ಲಿ, ಮೀಸೆ ಗಾಳಿಗೆ ಕೊಟ್ಟುಕೊಂಡು. ಗೇಟಿನಿಂದ ನಡೆದುಕೊಂಡು ಹೋದರಾಯಿತು, ಸಿಕ್ಕವರನ್ನೆಲ್ಲ ಕೂಗಿಕೊಂಡು ಬರುವುದು.

"ನಿನ್ ಮುಖಕ್ಕಿಷ್ಟು! ಗಂಗಮ್ಮನ್ನ ತಗೊಂಡೋಗಿ ಆ ಉಚ್ಚೆ ನೀರಲ್ಲಿ ಕೂರ್ಸಿದ್ಯಲ್ಲೋ!" ಅಂತ ಅಕ್ಕ ಬೈದಳು. ಆದರೆ ಒಪ್ಪಿಸಿದಾಗ ಒಂದು ಮನೆಯೂ ಹಿಂದುಮುಂದಾಗಲಿಲ್ಲ. ಯಾವ ಹೊತ್ತಿನಲ್ಲಿ ಕೇಳಿದರೂ ತಪ್ಪಿಲ್ಲ. ಗಂಗರತ್ನಮ್ಮ ಬಾಯಿ ಮುಚ್ಚಿಕೊಂಡಳು.

ನಿಶ್ಚಿತಾರ್ಥಕ್ಕೆ ವಾರ ಇದೆ ಅನ್ನುವಾಗ ಅವನು ಒಂದು ಸಲ ಜಾಗ ನೋಡಿಕೊಂಡು ಬರುತ್ತೇನೆ ಅಂತ ಮಾಯಾಲೋಕಕ್ಕೆ ಹೋದ. ಸಂಜೆ ಬಂದವನ ಮುಖದಲ್ಲಿ ಕಳೆಯೇ ಇಲ್ಲ. ಮುದ್ದೆ ಮುರಿಯದೆ ತಟ್ಟೆ ನೋಡುತ್ತಾ ಕೂತ.

"ಹಾರುವ ದೋಣಿ ಕಿತ್ತಾಕ್ಬಿಟ್ಟವ್ರೆ ಕಣಕ್ಕ. ಬರೀ ಸಿಮೆಂಟ್ ನೆಲ ಐತೆ. ಇಷ್ಟ್ ವರ್ಷದಿಂದ ಅಲ್ಲೇ ಇತ್ತು."

ಚಪ್ಪರದವನು ಕೈಕೊಟ್ಟಿದ್ದ, ಹೂವಿನವಳು ಫೋನು ಎತ್ತುತ್ತಿರಲಿಲ್ಲ. ಇವನಿಗೆ ದೋಣಿಯ ಸೂತಕ. "ಕಿತ್ರೆ ಕಿತ್ಕೊಳ್ಳಲಿ! ಹೆಣ ಬಿದ್ದಂಗೆ ಕೂತಿದ್ದೀಯಲ್ಲ, ಮರೆತಾಕು ಅದನ್ನ!" ಅಂತ ರೇಗಿದಳು.

ಅಕ್ಕನ ಮಾತು ಅವನು ಯಾವತ್ತೂ ಮೀರಿದವನಲ್ಲ. ಬೆಳಗ್ಗೆ ಎದ್ದು ಜಗಲಿ ಮೇಲೆ ಕೂತು, ಗೇಟಿನಿಂದ ಹೊರಟು, ದೋಣಿ ಇದ್ದ ಜಾಗದಲ್ಲಿ ನಿಲ್ಲದೆ ಮುಂದೆ ನಡೆಯುವುದನ್ನು ವಾರವೆಲ್ಲ ಅಭ್ಯಾಸ ಮಾಡಿದ.

ನಿಶ್ಚಿತಾರ್ಥದ ದಿನ ಶ್ರೀನಿವಾಸಪುರದವರು ಬಸ್ಸು ಮಾಡಿಕೊಂಡು ಬಂದರು. ನರೇಶ ಬಿಳಿ ಪಂಚೆಯುಟ್ಟು ಚಪ್ಪರದ ನಡುವೆ ನಿಂತು, ಕಣ್ಣು ಮುಚ್ಚಿ, ಶುರು ಮಾಡಿದ. ಗಂಟಲು ಅಪ್ಪನದೇ. ಗಣಪನ ತಾಂಬೂಲ, ಗಂಗಮ್ಮನ ತಾಂಬೂಲ, ದೊಡ್ಡಮನೆ ತಾಂಬೂಲ. ಎಲ್ಲೂ ತಡವರಿಕೆಯಿಲ್ಲ. ಆದಿಲಕ್ಷ್ಮಮ್ಮ ಪಕ್ಕದವಳ ಕಡೆ ವಾಲಿ, "ಅಬ್ಬ, ಏಮಿ ಜ್ಞಾಪಕಂ!" ಅಂತ ಬೆರಗಾದದ್ದು ಗಂಗರತ್ನಮ್ಮನ ಕಿವಿಗೆ ಬಿತ್ತು. ಅವಳು ಅಲ್ಲೇ ಒಂದು ಗೇಣು ಉಬ್ಬಿದಳು. ನೋಡಲಿ, ಆ ಮೀಸೆಯವನು ಕಣ್ಣು ಬಿಟ್ಟು ನೋಡಲಿ ಅಂದುಕೊಂಡಳು.

"ಕೂತೋರ ತಾಂಬೂಲ, ನಿಂತೋರ ತಾಂಬೂಲ" ಅಂತ ನರೇಶ ಮುಗಿಸಿ ಕಣ್ಣು ಬಿಟ್ಟ. ಎದುರಿಗೆ ಗಂಗುಲಪ್ಪ ಎದ್ದು ನಿಂತಿದ್ದ.

"ಕಂಬದ ಮನೆ ಸತ್ತೋಯ್ತಾ?"

ಗಂಗುಲಪ್ಪ ಹೆಗಲ ಮೇಲಿನ ಟವೆಲು ಕೊಡವಿದ. ಅವನ ಹಿಂದೆ ಅವನ ತಮ್ಮಂದಿರು, ಅವರ ಮಕ್ಕಳು, ಬೀಗರು, ಅರ್ಧ ಚಪ್ಪರವೇ ಎದ್ದಿತು. "ಮೂವತ್ತು ಮನೆ ಜ್ಞಾಪಕ ಇರ್ತದೆ, ನಮ್ದೊಂದೇ ಮರೆತೋಗ್ತದಾ? ಯಾರ್ ಹೇಳ್ಕೊಟ್ಟಿದ್ದು ಅಂತ ಗೊತ್ತು ನನಗೆ" ಅಂತ ನೆಟ್ಟಗೆ ಗಂಗರತ್ನಮ್ಮನನ್ನೇ ನೋಡಿದ. ಹುಡುಗನ ಚಿಕ್ಕಪ್ಪನೊಬ್ಬ ಎದ್ದು, "ನಿಮ್ಮೂರಲ್ಲೇ ಒಗ್ಗಟ್ಟಿಲ್ಲ ಅಂದ್ರೆ ನಾವೆಂಗೆ ತಟ್ಟೆ ಬದಲಾಯಿಸೋದು? ನೀವ್ ಇತ್ಯರ್ಥ ಮಾಡ್ಕೊಳ್ಳಿ, ಇಲ್ದಿದ್ರೆ ಬಸ್ಸು ಹತ್ತುತೀವಿ" ಅಂದ. ಹಸೆಯ ಮೇಲೆ ಕೂತ ಮೇಘನಳ ಮುಖ ಬಿಳಿಚಿಕೊಂಡಿತು.

ಗಂಗರತ್ನಮ್ಮ ತಮ್ಮನ ರೆಟ್ಟೆ ಹಿಡಿದು ಅಡಿಗೆಯವರ ಒಲೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಯಾಕೋ ಬಿಟ್ಟೆ? ಯಾಕೋ ಹಾಳಾದೋನೆ?"

ಅವನು ಬೆವೆತುಹೋಗಿದ್ದ. "ದೋಣಿ ಇಲ್ವಲ್ಲಕ್ಕ ಈಗ. ಗಂಗುಲಪ್ಪಣ್ಣ ದೋಣಿ ಮೇಲಿದ್ದ. ನೀನೇ ಮರೆತಾಕು ಅಂದೆ. ದೋಣಿ ಮರೆತೆ, ಅದ್ರ ಜೊತೆ ಅವನೂ ಹೋಗ್ಬಿಟ್ಟ. ಹೊರಗೆ ಹೋಗಿ ಇದನ್ನೇ ಹೇಳ್ಲಾ?"

ಗಂಗರತ್ನಮ್ಮನಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಅಲ್ಲೇ ಕೂತು ಅಳಬೇಕು ಅಂತಲೂ ಅನ್ನಿಸಿತು. ಹೇಳುವುದಂತೆ! ಅಲೆ ಕೊಳದಲ್ಲಿ ಗಂಗಮ್ಮ, ದೋಣಿಯಲ್ಲಿ ಗಂಗುಲಪ್ಪ ಅಂತ ಚಪ್ಪರದ ನಡುವೆ ನಿಂತು ಹೇಳಿದರೆ ಒಬ್ಬನೂ ನಂಬುವುದಿಲ್ಲ. ನಂಬಿದರೆ ಇನ್ನೂ ಕೆಟ್ಟಿತು. ಸೋದರಮಾವನಿಗೆ ತಲೆ ಸರಿಯಿದೆಯಾ ಅಂತ ಆದಿಲಕ್ಷ್ಮಮ್ಮ ಆಗಲೇ ಕೇಳಿಸಿದ್ದಾಳೆ, ಬೇರೆ ಸಾಕ್ಷಿ ಬೇಕಾ? ಹುಚ್ಚರ ಮನೆಯ ಹೆಣ್ಣು ಯಾರಿಗೆ ಬೇಕು? ಕೆಟ್ಟತನಕ್ಕೆ ಊರಲ್ಲಿ ಮಾಫಿ ಇದೆ, ಹುಚ್ಚುತನಕ್ಕಿಲ್ಲ. ಅದೂ ಅಲ್ಲದೆ, ತಾನು ಇವನನ್ನು ದಿನಕ್ಕೆ ಹತ್ತು ಸಲ ಹುಚ್ಚ ಅಂದಿರಬಹುದು. ಇಡೀ ಚಪ್ಪರ ಇವನ ಮುಖ ನೋಡಿ ಕೇಕೆ ಹಾಕಿ ನಗುವುದನ್ನು ನಿಂತು ನೋಡುವುದು ಅವಳ ಕೈಲಾಗದ ಮಾತು.

"ನೀನು ಬಾಯಿ ಬಿಟ್ರೆ ನೋಡು" ಅಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪರಕ್ಕೆ ನಡೆದಳು.

"ಅವನದೇನೂ ತಪ್ಪಿಲ್ಲ. ಕಂಬದ ಮನೆ ಬಿಡು ಅಂತ ಹೇಳ್ಕೊಟ್ಟಿದ್ದು ನಾನೇ. ಕೂಗೋದು ನಮ್ಮಪ್ಪನ ಮನೆ ಬಿಟ್ಟೋಗ್ತದೆ ಅಂತ ಹೊಟ್ಟೆಕಿಚ್ಚು. ಹೆಣ್ಬುದ್ಧಿ, ತಪ್ಪಾಯ್ತು" ಅಂದಳು. ಅಂದು, ಜನವೆಲ್ಲ ನೋಡುತ್ತಿರುವಾಗ, ಗಂಗುಲಪ್ಪನ ಕಾಲಿಗೆ ಬಿದ್ದಳು.

ಹೆಣ್ಬುದ್ಧಿ ಅಂದ ಕೂಡಲೇ ಗಂಡಸರಿಗೆಲ್ಲ ಸಮಾಧಾನವಾಯಿತು. ಎಂಥ ಹಳೇ ಮದ್ದು ನೋಡಿ, ಯಾವತ್ತೂ ಸುಳ್ಳಾಗುವುದಿಲ್ಲ. ಎದ್ದವರು ಕೂತರು. ಆದಿಲಕ್ಷ್ಮಮ್ಮನ ಮುಖದಲ್ಲಿ ಸಿಟ್ಟು ಇರಲಿ, ಬೀಗಿತ್ತಿ ಗಟ್ಟಿಗಿತ್ತಿ ಅನ್ನುವಂಥ ಮರ್ಯಾದೆ ಕಂಡಿತು. ಗಂಗುಲಪ್ಪ ಕಾಲು ಹಿಂದಕ್ಕೆಳೆದುಕೊಳ್ಳುವ ಅವಸರವನ್ನೇನೂ ತೋರಿಸಲಿಲ್ಲ. ಸಾಕಷ್ಟು ಹೊತ್ತು ಬೀಳಿಸಿಕೊಂಡು, "ಏಳಮ್ಮ, ಏಳು. ಮೊದಲಿಂದ ಕೂಗ್ಬೇಕು. ಇವತ್ತಿಂದ ನಾನೇ ಕೂಗ್ತೀನಿ, ಇನ್ನು ಮುಂದಕ್ಕೂ ನಾನೇ" ಅಂದ. ಯಾರೂ ಬೇಡ ಅನ್ನಲಿಲ್ಲ. ಗಂಗರತ್ನಮ್ಮನೂ ತಲೆಯಾಡಿಸಿದಳು.

ಗಂಗುಲಪ್ಪ ಚಪ್ಪರದ ನಡುವೆ ಬಂದು ಗಂಟಲು ಸರಿಮಾಡಿಕೊಂಡ. ಜೇಬಿಗೆ ಕೈ ಹಾಕಿ ಕನ್ನಡಕ ತೆಗೆದು ಮೂಗಿಗೇರಿಸಿದ. ಇನ್ನೊಂದು ಜೇಬಿನಿಂದ ಮೊಬೈಲು ತೆಗೆದ. ಬೆರಳಲ್ಲಿ ತಳ್ಳುತ್ತಾ, ಗಣಪನಿಂದ ಹಿಡಿದು ಕೊನೇ ಮನೆಯವರೆಗೂ, ರೇಷನ್ ಅಂಗಡಿಯವನು ಹೆಸರು ಕರೆದ ಹಾಗೆ ಓದಿಬಿಟ್ಟ. ಜನ ಎದ್ದು ಬಂದು ಎಲೆ ಅಡಿಕೆ ತೆಗೆದುಕೊಂಡು ಹೋಗಿ ಕೂತರು. ತಟ್ಟೆ ಬದಲಾಯಿತು. ಮೇಘನ ನಕ್ಕಳು.

ಗಂಗರತ್ನಮ್ಮನ ಮೈ ಕುದಿಯುತ್ತಿತ್ತು. ಒಳಮನೆಯಲ್ಲಿ ಮಂಚದ ಮೇಲೆ ಒರಗಿದ್ದ ಅಪ್ಪನಿಗೆ ತಾಂಬೂಲ ತೆಗೆದುಕೊಂಡು ಹೋದವಳು ಅದನ್ನು ಕೊಡುವುದನ್ನೂ ಮರೆತು ಕೂಗಾಡಿದಳು.

"ನೋಡ್ದಾ ಅಪ್ಪ? ಮೊಬೈಲ್ ನೋಡ್ಕೊಂಡು ಓದ್ದ! ತಾಂಬೂಲ ಓದೋದಾ? ಬಾಯಲ್ಲಿ ಕೂಗೋದು ನಮ್ ಮನೆ ಮರ್ಯಾದೆ ಅಲ್ವಾ? ಒಬ್ಬನಾದ್ರೂ ಯಾಕೆ ಅಂತ ಕೇಳ್ಲಿಲ್ಲ!"

ಮುನಿಯಲ್ಲಪ್ಪ ನಿಧಾನವಾಗಿ ಅವಳ ಕೈಯಿಂದ ಎಲೆ ತೆಗೆದುಕೊಂಡ. ಸೊಟ್ಟ ಬಾಯಲ್ಲಿ ಮಾತು ಒಂದೊಂದಾಗಿ ಬಂತು.

"ಮರ್ಯಾದೆ ಎಲ್ಲೀದವ್ವ? ನನಗೆ ಅಕ್ಷರ ಬರ್ತಿರ್ಲಿಲ್ಲ, ಅದಕ್ಕೆ ಬಾಯಿಪಾಠ ಮಾಡ್ತಿದ್ದೆ. ಬಂದಿದ್ರೆ ನಾನೂ ಓದ್ತಿದ್ದೆ. ಎಲ್ಲಿ ಒಂದು ಮನೆ ಬಿಟ್ಟುಬಿಡ್ತೀನೋ ಅಂತ ಹಿಂದಿನ ರಾತ್ರಿ ನಿದ್ದೇನೇ ಬರ್ತಿರ್ಲಿಲ್ಲ ನನಗೆ."

ಗಂಗರತ್ನಮ್ಮನ ಹಣೆಗೆ ಗಂಗುಲಪ್ಪನ ಕಾಲಿನ ಧೂಳು ಇನ್ನೂ ಅಂಟಿತ್ತು. ಇಷ್ಟು ವರ್ಷ ಸಿಂಹಾಸನ ಅಂದುಕೊಂಡದ್ದರ ಮೇಲೆ ಅಪ್ಪ ಹೆದರಿಕೊಂಡು ಕೂತಿದ್ದ. ಅದನ್ನು ಉಳಿಸಿಕೊಳ್ಳಲು ತಾನು ತಮ್ಮನನ್ನೂ ಹೆದರಿಸಿ ನಿಲ್ಲಿಸಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಸೆರಗಿನಿಂದ ಹಣೆ ಒರೆಸಿಕೊಂಡು, ಒಲೆಯ ಹಿಂದೆ ಇನ್ನೂ ಹಾಗೇ ನಿಂತಿದ್ದವನನ್ನು ಊಟಕ್ಕೆ ಕರೆಯಲು ಹೋದಳು.