ಸೂರಮ್ಮ ಬೇಡವೆಂದ ಸೊನ್ನೆ ಟಿಕೆಟ್

ಈಗ ನಾನು ಬೆಂಗಳೂರು ರೂಟಿನ ಕಂಡಕ್ಟರ್. ಮೆತ್ತನೆ ಸೀಟು, ಒಬ್ಬರನ್ನೊಬ್ಬರು ಮಾತಾಡಿಸದ ಜನ. ಯಾರಿಗೆ ಬೇಕಾಗಿದೆ ಈ ಭಾಗ್ಯ! ಕೊಂಡ್ಲಹಳ್ಳಿಯಿಂದ ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದ ಆ ಡಕೋಟ ಬಸ್ಸೇ ಚೆನ್ನಾಗಿತ್ತು. ಚಳ್ಳಕೆರೆ ಮಂಡಿಗೆ ಶೇಂಗಾ ಆರಿಸಲು ಹೋಗುವ ಇಪ್ಪತ್ತೆರಡು ಹೆಂಗಸರು, ಅವರ ಬುತ್ತಿಯಿಂದ ಬರುವ ಹುಚ್ಚೆಳ್ಳು ಚಟ್ನಿಯ ಘಮ, ಅವರಿಗೆಲ್ಲ ಹಿರಿಯಳಾದ ಸೂರಮ್ಮನ ಬೈಗುಳ. ನನ್ನ ಹೆಸರು ತನ್ವೀರ್. ಆಕೆಯ ಬಾಯಲ್ಲಿ ಮೊದಲ ದಿನದಿಂದಲೂ ತನುವೀರಪ್ಪ. ಮನೆಯಲ್ಲಿ ಹೇಳಿದರೆ ಅಮ್ಮಿ ಬಿದ್ದು ಬಿದ್ದು ನಗುತ್ತಿದ್ದಳು.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೂ ತಲೆಗೊಂದು ಸೊನ್ನೆ ರೂಪಾಯಿ ಟಿಕೆಟ್ ಹರಿಯಲೇಬೇಕು. ಒಂದು ದಿನ ಸೂರಮ್ಮ ನನ್ನ ಕೈ ಹಿಡಿದುಬಿಟ್ಟಳು. ಹಿಂದಿನ ಸಂಜೆ ಟಿವಿಯಲ್ಲಿ ಬಜೆಟ್ ಚರ್ಚೆ ನೋಡಿದ್ದಳಂತೆ. ಖಜಾನೆ ಬರಿದಾಗಿದೆ, ಸರ್ಕಾರ ಸಾಲ ತಂದು ಸಂಸಾರ ನಡೆಸುತ್ತಿದೆ, ಒಂದೊಂದು ಫ್ರೀ ಟಿಕೆಟ್ಟಿಗೂ ಬಸ್ಸಿನವರಿಗೆ ಸರ್ಕಾರವೇ ದುಡ್ಡು ಕಟ್ಟಬೇಕು ಎಂದು ಕೋಟು ಹಾಕಿದವನೊಬ್ಬ ಗೋಳಾಡಿದನಂತೆ.

"ನನ್ನ ಹೆಸರಲ್ಲಿ ಸರ್ಕಾರ ಯಾಕೆ ಸಾಲ ಮಾಡ್ಬೇಕು ನಾಯನಾ? ನೀನು ಹರೀಬ್ಯಾಡ. ಬಸ್ಸು ಹೆಂಗೂ ಹೋಗ್ತೈತೆ."

ಅಷ್ಟು ಕನಿಕರವಿದ್ದರೆ ದುಡ್ಡು ಕೊಟ್ಟು ತಗೋ ಎಂದು ಛೇಡಿಸಿದೆ. ನಾನೇನು ಮಂಡಿ ಸಾಹುಕಾರನ ಹೆಂಡತಿಯಾ ಎಂದು ಗದರಿದಳು.

ಚೆಕಿಂಗಿನವರು ಆ ದಾರಿಗೆ ತಲೆ ಹಾಕುತ್ತಿರಲಿಲ್ಲ. ನಿಜ ಹೇಳುತ್ತೇನೆ, ಸರ್ಕಾರಕ್ಕಾಗಿ ಮರುಗುವ ಆ ಹೆಂಗಸಿನ ಮೇಲೆ ನನಗೆ ಅಕ್ಕರೆ ಉಕ್ಕಿತ್ತು. ವಾರದೊಳಗೆ ಇಪ್ಪತ್ತೆರಡು ಮಂದಿಯೂ ಟಿಕೆಟ್ ಬೇಡವೆಂದರು. ನಾನೂ ಮಿಷನ್ನನ್ನು ಚೀಲಕ್ಕೆ ಹಾಕಿ, ಅವರು ಕೊಟ್ಟ ಶೇಂಗಾ ತಿನ್ನುತ್ತಾ ಕೂತೆ. ಎಂಥ ಪೆದ್ದ ನಾನು! ಟಿಕೆಟ್ ಲೆಕ್ಕ ನೋಡಿಯೇ ಬಸ್ಸು ಬಿಡುತ್ತಾರೆಂದು ಹತ್ತು ವರ್ಷದ ಕಂಡಕ್ಟರಿಗೆ ಗೊತ್ತಿರಬೇಡವೆ?

ಎಂಟು ತಿಂಗಳಿಗೆ ಡಿಪೋದ ಗೋಡೆಗೆ ಪಟ್ಟಿ ಅಂಟಿಸಿದರು. ಖರ್ಚು ಕಡಿತಕ್ಕಾಗಿ ಜನವಿಲ್ಲದ ರೂಟುಗಳು ರದ್ದು. ನಮ್ಮದೇ ಮೊದಲನೆಯದು. ದಿನಕ್ಕೆ ಸರಾಸರಿ ಮೂವರು ಪ್ರಯಾಣಿಕರು ಎಂದಿತ್ತು.

ಕೊನೆಯ ದಿನ ಇಪ್ಪತ್ತೆರಡು ಮಂದಿಯೂ ಬಸ್ಸಿನಲ್ಲಿದ್ದರು. ಆಟೋಗೆ ಕೊಟ್ಟರೆ ಅರ್ಧ ಕೂಲಿ ಅದಕ್ಕೇ ಹೋಗುತ್ತದೆ, ನಾಳೆಯಿಂದ ಮಂಡಿ ಕೆಲಸ ಬಿಟ್ಟಂತೆಯೇ ಎಂದು ಎಲ್ಲರೂ ಕಂಗಾಲಾಗಿದ್ದರು. ಇಷ್ಟು ಜನರಿರುವ ಬಸ್ಸನ್ನು ಖಾಲಿ ಅಂತ ಯಾವ ಕುರುಡ ಬರೆದ ಎಂದು ಸೂರಮ್ಮ ಕೇಳಿದಳು. ಹೇಳದೆ ವಿಧಿಯಿರಲಿಲ್ಲ, ಟಿಕೆಟ್ ಹರಿಯದವರು ಲೆಕ್ಕಕ್ಕೇ ಬರುವುದಿಲ್ಲ ಎಂದು ಹೇಳಿದೆ. ಆಕೆ ನನ್ನ ಚೀಲದಿಂದ ಮಿಷನ್ನು ತೆಗೆದು ಕೈಗಿತ್ತಳು.

"ಹಂಗಾದ್ರೆ ಈಗ ಹರಿ. ಎಂಟು ತಿಂಗಳದ್ದೂ ಹರಿ. ನಾವ್ ಬಂದಿದ್ವಿ ಅಂತ ಗೊತ್ತಾಗ್ಲಿ."

ಹಿಂದಿನ ದಿನದ ಟಿಕೆಟ್ ಮಿಷನ್ನಿನಲ್ಲಿ ಬರುವುದಿಲ್ಲ ಎಂದು ತಿಳಿಸಿದೆ. ಪಕ್ಕದ ರಂಗಕ್ಕ, ಎಲ್ಲರೂ ಡಿಪೋಗೆ ಹೋಗಿ ಮ್ಯಾನೇಜರ್ ಮುಂದೆ ಆಣೆ ಮಾಡೋಣ, ಬಸ್ಸು ಉಳಿದೀತು ಎಂದಳು. ಹೆಂಗಸರೆಲ್ಲ ಎದ್ದು ನಿಂತರು. ಸೂರಮ್ಮ ನನ್ನ ಮುಖ ನೋಡಿದಳು.

"ಬ್ಯಾಡ ಕಣ್ರೇ. ಟಿಕೆಟ್ ಹರೀದೆ ಕರ್ಕೊಂಡ್ ಬಂದ ಅಂತ ಇವನ ಕೆಲಸ ತೆಗೀತಾರೆ. ಇವನ ಮನ್ಯಾಗೂ ಉಣ್ಣೋರವ್ರೆ."

ಮಂಡಿ ಬಂದಾಗ ಒಬ್ಬೊಬ್ಬರೇ ಬುತ್ತಿ ಎತ್ತಿಕೊಂಡು ಇಳಿದರು. ಇಲ್ಲ, ಹೋಗಿ ಹೇಳಿ ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ.