ನಾಲ್ಕೂವರೆ

"ಏಯ್ ನಾಲ್ಕೂವರೆ, ಆ ಕೈ ಏನು ಮದುಮಗಳೇನೇ, ಮುಸುಕು ಹಾಕ್ಕೊಂಡು ಓಡಾಡೋಕೆ? ರಟ್ಟು ಎತ್ತು, ದರಿದ್ರದವ್ಳೆ!"

ಮೇಸ್ತ್ರಿ ಕೂಗಿದ. ಸುತ್ತಲಿದ್ದವರು ನಕ್ಕರು. ನಾನು ಅಂಗಿಯ ಎಡತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡು ರಟ್ಟಿನ ಕಟ್ಟು ಎತ್ತಿದೆ. ಎಡಗೈಯ ತೋರುಬೆರಳು ಅರ್ಧಕ್ಕೆ ಹೋದ ಮೇಲೆ ಈ ಪೆಟ್ಟಿಗೆ ಕಾರ್ಖಾನೆಯಲ್ಲಿ ನನಗಿರುವ ಹೆಸರು ಅದೊಂದೇ.

ಬೆರಳು ತಿಂದದ್ದು ರಟ್ಟು ಕೊಯ್ಯುವ ಮೆಷಿನ್. ಕೆಲಸ ನಿಧಾನವಾಗುತ್ತದೆಂದು ಅದರ ಬಾಯಿಗಿದ್ದ ಜಾಲರಿಯನ್ನು ಮೇಸ್ತ್ರಿಯೇ ಬಿಚ್ಚಿಸಿದ್ದ. ರಿಜಿಸ್ಟರಿನಲ್ಲಿ ಮಾತ್ರ 'ಮನೆಯಲ್ಲಿ ಬಾಗಿಲಿಗೆ ಸಿಕ್ಕಿ' ಎಂದು ಬರೆದಿದ್ದಾನೆ. ಪಕ್ಕದ ಮೆಷಿನ್ನಿನ ಅಕ್ಕ ಅವತ್ತು ತನ್ನ ತಲೆಬಟ್ಟೆ ಹರಿದು ನನ್ನ ಕೈಗೆ ಸುತ್ತಿದ್ದಳು. ಆಮೇಲೆ ಕೇಳಿದರೆ, "ನಾನೇನೂ ನೋಡ್ಲಿಲ್ಲಮ್ಮ" ಎಂದಳು. ಅವಳಿಗೂ ಮಕ್ಕಳಿವೆ, ಗೊತ್ತು. ಆದರೂ ಅಂದಿನಿಂದ ನಾನು ಗೋಡೆಗೆ ಮುಖ ಮಾಡಿ ಉಣ್ಣುತ್ತೇನೆ. ಬಾಡಿಗೆ ಕೋಣೆಗೆ ಹೋದರೆ ಅಲ್ಲೂ ಗೋಡೆಯೇ. ದನಿ ಇನ್ನೂ ಇದೆಯಾ ಎಂದು ನೋಡಲು ಒಮ್ಮೊಮ್ಮೆ ಸುಮ್ಮನೆ ಕೆಮ್ಮುತ್ತೇನೆ.

ಹೀಗಿರುವಾಗ ಸಂಶೋಧನೆಯ ಮೇಡಂ ಬಂದರು. ದುಡಿಯುವ ಹುಡುಗ ಹುಡುಗಿಯರ ಕಷ್ಟವನ್ನು ಅವರ ಕೈಯಿಂದಲೇ ಚಿತ್ರ ಬರೆಸಿ ತಿಳಿಯುತ್ತಾರಂತೆ. ಭಾನುವಾರಗಳಂದು ಶಾಲೆಯ ಕೋಣೆಯಲ್ಲಿ ಒಂಬತ್ತು ಜನ ಸೇರಿದೆವು.

"ಸಂಶೋಧಕರು ನಾನಲ್ಲ, ನೀವು," ಎಂದರು. "ಪಕ್ಕದವರ ಕೈ ಹಾಳೆ ಮೇಲಿಟ್ಟು ಸುತ್ತ ಗೆರೆ ಎಳೀರಿ. ಅಕ್ಷರ ಬೇಡ. ಕೈಯೇ ಮಾತಾಡ್ಲಿ."

ಎಂಟು ಜನಕ್ಕೆ ಜೋಡಿ ಸಿಕ್ಕಿತು. ನಾನು ಮೂಲೆಗೆ ಹೋಗಿ, ತೋಳು ಸರಿಸಿ, ನನ್ನ ಎಡಗೈಗೆ ನಾನೇ ಗೆರೆ ಎಳೆದೆ. ಅರ್ಧ ಬೆರಳಿನ ತುದಿ ಸುತ್ತಿದ ಮೇಲೆ ಹಾಳೆ ಮಡಚಿಟ್ಟುಬಿಡೋಣ ಎನಿಸಿತು. ಆದರೂ ಕೊಟ್ಟುಬಿಟ್ಟೆ. ಹಾಳೆ ನೋಡಿದವರು ಯಾರಾದರೂ ಇದೇನಾಯ್ತೆಂದು ಕೇಳಿಯೇ ಕೇಳುತ್ತಾರೆ, ಕೇಳಿದರೆ ಮೆಷಿನ್ನಿನ ಕಥೆ ಹೇಳಿಬಿಡಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ನಮ್ಮ ಚಿತ್ರಗಳ ಪ್ರದರ್ಶನದ ದಿನ ಶಾಲೆಗೆ ಕಾರ್ಖಾನೆಯವರೆಲ್ಲ ಬಂದಿದ್ದರು. ರಟ್ಟು ಕೊಟ್ಟವರು ನಮ್ಮ ಮಾಲೀಕರೇ. ನನ್ನ ಕೈಯನ್ನು ಆಳೆತ್ತರದ ರಟ್ಟಿನಲ್ಲಿ ಕೊಯ್ಯಿಸಿ ನಡುಗೋಡೆಗೆ ನಿಲ್ಲಿಸಿದ್ದರು. ಬೆರಳು ಎಣಿಸಿದೆ. ಪೂರ್ತಿ ಐದು.

"ಮೇಡಂ, ಈ ಬೆರಳು…"

"ಓ, ಅದಾ! ಅರ್ಧಕ್ಕೇ ನಿಂತಿತ್ತು ಕಣಮ್ಮ. ಪೆನ್ಸಿಲ್ ಜಾರಿರ್ಬೇಕು ಅಂತ ಆರ್ಟಿಸ್ಟ್ ಸರಿ ಮಾಡಿದ್ರು. ಚೆನ್ನಾಗಿ ಬಂದಿದೆ ಅಲ್ವಾ?"

ಆರು ಭಾನುವಾರ ಎದುರು ಕೂತವರು. ಬಚ್ಚಿಟ್ಟವಳು ನಾನೇ, ನಿಜ. ಆದರೆ ನೋಡುತ್ತೇನೆಂದು ಬಂದವರು ಅವರಲ್ಲವೇ?

ಮೇಸ್ತ್ರಿ ಹಲ್ಲು ಕಿರಿದ. "ನೋಡ್ದ್ಯಾ, ಅದೇ ಮೆಷಿನ್ನು ನಿಂಗೆ ಐದೂ ಬೆರಳು ಕೊಯ್ದು ಕೊಡ್ತು. ಇನ್ನಾದ್ರೂ ಅದರ ಮೇಲೆ ಗೂಬೆ ಕೂರಿಸ್ಬೇಡ."

ರಟ್ಟಿನ ಅಂಚು ಸವರುವ ಬ್ಲೇಡು ಜೇಬಿನಲ್ಲೇ ಇತ್ತು. ಆ ದೊಡ್ಡ ಕೈಯ ತೋರುಬೆರಳನ್ನು ಎರಡನೆಯ ಗೆಣ್ಣಿಗೆ ಸರಿಯಾಗಿ ಕೊಯ್ದೆ. ತುಂಡು ಮೇಸ್ತ್ರಿಯ ಕಾಲ ಬಳಿ ಬಿತ್ತು.

"ಎತ್ಕೊಳೋ ಬೋಳಿಮಗನೆ! ಇದೂ ಬಾಗಿಲಿಗೆ ಸಿಕ್ಕಿದ್ದು ಅಂತ ಬರ್ಕೋ!"

ದನಿ ನನ್ನದೇ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಎಡಗೈಯನ್ನು ಆ ರಟ್ಟಿನ ಕೈಯ ಮೇಲೆ ಒತ್ತಿ ನಿಂತೆ.

"ಏನಾಯ್ತು ಅಂತ ಕೇಳ್ರಿ ಈಗ!"

ಯಾರೂ ಕೇಳಲಿಲ್ಲ. ಮೇಡಂ ನನ್ನ ಕೈಯನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದರು. ಮಾಲೀಕರು ಗಡಿಯಾರ ನೋಡಿಕೊಂಡರು. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು.

ಅವರ ಹಿಂದೆ ಹೊರಟಿದ್ದ ಅಕ್ಕ ಹೊಸ್ತಿಲಲ್ಲಿ ನಿಂತಳು. ಆಚೆ ಹೋಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ತಲೆಬಟ್ಟೆಯ ಅಂಚನ್ನು ತನ್ನ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ನಿಂತೇ ಇದ್ದಳು.

ನಾನು ಕೈ ತೆಗೆಯಲಿಲ್ಲ.