ಎದೆಯ ಮೇಲಿನ ಲಿಂಗ

ಬೀರೂರಿನ ರಂಗಪ್ಪ ಬನಿಯನ್ ಎತ್ತಿ ಎಡಪಕ್ಕೆಯ ಉದ್ದನೆಯ ಗಾಯದ ಗೆರೆ ತೋರಿಸಿದಾಗ ಅಜ್ಜಂಪುರದ ತೀರ್ಥಮ್ಮ ಮುಖ ತಿರುಗಿಸಲಿಲ್ಲ. ಬರುವ ಸೋಮವಾರ ಬೆಂಗಳೂರಿನಲ್ಲಿ ಅವಳಿಗೂ ಅದೇ ಆಪರೇಷನ್. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಹೃದಯದ ಕವಾಟವನ್ನು ಕಿರಿದು ಮಾಡಿತ್ತು. ಬಾವಿಕಟ್ಟೆಗೆ ಹೋಗಿಬಂದರೆ ಏದುಸಿರು, ಮಲಗಿದರೆ ಇನ್ನೂ ಕಷ್ಟ. ಎಪ್ಪತ್ತೇಳನೇ ಇಸವಿಯಲ್ಲಿ ಮಾಡಿಸಿಕೊಂಡ ರಂಗಪ್ಪ ವರ್ಷದೊಳಗೆ ರೈಲ್ವೆ ಕೆಲಸಕ್ಕೆ ಮರಳಿದ್ದ. ಅವನನ್ನು ಕಂಡರೆ ಧೈರ್ಯ ಬಂದೀತೆಂದು ಗಂಡ ಕಲ್ಲೇಶಪ್ಪ ಅವಳನ್ನು ಅವನ ಮನೆಗೆ ಕರೆತಂದಿದ್ದ.

"ಪಕ್ಕೆಮೂಳೆ ಸಂದೀಲಿ ಒಳೀಕೆ ಹೋಗ್ತಾರೆ ಕಣಕ್ಕ. ಗುಂಡಿಗೆ ಬಡ್ಕೊಂತಾನೇ ಇರ್ತದೆ. ಡಾಕ್ಟ್ರು ಬೆರಳು ತೂರಿಸಿ ಅಂಟ್ಕೊಂಡಿರೋದನ್ನ ಬಿಡಿಸ್ತಾರೆ. ಎಚ್ಚರಾದ್ಮೇಲೆ ಪಕ್ಕೆಯಿಂದ ಒಂದು ಕೊಳವೆ ಕೆಳಗಿನ ಬಾಟ್ಲಿಗೆ ಇಳಿದಿರ್ತದೆ, ಹೆದರ್ಬೇಡಿ. ದಿಂಬು ಅವುಚ್ಕೊಂಡು ಕೆಮ್ಮು ಅಂತಾರೆ. ನೋವು ಅಂತ ಸುಮ್ನಿದ್ರೆ ಕಫ ಕಟ್ಟತದೆ. ನಾನು ಆ ನರ್ಸಮ್ಮನ್ನ ಬಯ್ಕೊಂಡು ಬಯ್ಕೊಂಡೇ ಕೆಮ್ಮಿದೆ."

ಕಲ್ಲೇಶಪ್ಪ ನಕ್ಕ. ತೀರ್ಥಮ್ಮ ಎದ್ದು ಬಾಗಿಲಿಗೆ ಹೋದಳು, ಬಂದಳು. ಸೆರಗಿನ ಒಳಗೆ ಬೆರಳು ಬೆಳ್ಳಿ ಕರಡಿಗೆಯನ್ನು ತಿರುಗಿಸುತ್ತಲೇ ಇತ್ತು.

"ಲೇ, ಒಂದ್ಕಡೆ ಕೂರೇ. ಕೇಳೋದಿದ್ರೆ ಕೇಳು."

"ಮೈಮೇಲಿರೋದನ್ನೆಲ್ಲ ತೆಗೆಸ್ತಾರಾ?"

"ಎಲ್ಲಾ," ಅಂದ ರಂಗಪ್ಪ. "ನನ್ನ ಉಡಿದಾರಾನೂ ಬಿಡ್ಲಿಲ್ಲ."

ದೀಕ್ಷೆಯಾದಂದಿನಿಂದ, ಹೆರಿಗೆಯಲ್ಲೂ, ಆ ಕರಡಿಗೆಯೊಳಗಿನ ಲಿಂಗ ಅವಳ ಮೈ ಬಿಟ್ಟಿರಲಿಲ್ಲ. ಉಸಿರು ಹೋದ ಮೇಲೂ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದು. ಉಸಿರಿಗಾಗಿ ತೆಗೆದಿಡುವುದು ಹೇಗೆ?

"ಅಷ್ಟೊತ್ತು ನಾನಿಟ್ಕೊಂಡಿರ್ತೀನಿ," ಅಂದ ಕಲ್ಲೇಶಪ್ಪ. "ತಾಳೀನೂ ತೆಗೀಬೇಕಲ್ಲ, ಅದಕ್ಕೆ ಚಿಂತೆ ಇಲ್ವಾ?"

"ತಾಳಿ ಕಟ್ಟಿದೋರು ಹೊರಗೆ ಬೆಂಚಿನ ಮೇಲೆ ಕೂತಿರ್ತೀರಲ್ಲ. ನಾನು ಏಳದೇ ಹೋದ್ರೆ ಲಿಂಗ ಇಲ್ದೆ ಹೋಗ್ಲಾ?"

ರಂಗಪ್ಪ ಬನಿಯನ್ ಇಳಿಸಿಕೊಂಡ.

"ನಮ್ಮಲ್ಲಿ ಅದಿಲ್ಲ, ನಂಗೆ ತಿಳೀದಕ್ಕ. ಕೊಯ್ಯೋದು ಪಕ್ಕೆ. ಕೈಗೆ ಸೂಜಿ ಚುಚ್ಚಿರ್ತಾರೆ. ಕೂದ್ಲು ಉದುರದಂಗೆ ತಲೇಗೊಂದು ಬಟ್ಟೆ ಕಟ್ಟತಾರೆ..."

ತೀರ್ಥಮ್ಮನ ಬೆರಳು ನಿಂತಿತು. "ತಲೇಗಾ?"

"ಹೂಂ, ಬಿಗಿಯಾಗಿ."

"ಹಂಗಾದ್ರೆ ಅದರೊಳಗೆ. ಬೆಳ್ಳಿ ಬೇಡ, ಬರೀ ಲಿಂಗಾನ ಅರಿವೇಲಿ ಸುತ್ತಿ ನೆತ್ತಿಮೇಲೆ ಇಟ್ಕೊಂತೀನಿ."

"ಕದ್ದಾ?" ಅಂದ ಕಲ್ಲೇಶಪ್ಪ.

"ಯಾಕ್ರೀ ಕದೀಲಿ? ಡಾಕ್ಟ್ರಿಗೆ ಹೇಳೇ ಇಟ್ಕೊಂತೀನಿ."

"ಬೇಡ ಅಂದ್ರೆ?"

"ನಾಳೇನೇ ಬೆಂಗಳೂರಿಗೆ ಹೋಗಿ ಕೇಳಾಣ. ಸೋಮವಾರದ ತನಕ ಹಿಂಗೆ ಒದ್ದಾಡಕ್ಕೆ ನನ್ ಕೈಲಾಗಲ್ಲ. ನಡೀರಿ."

ಅವರು ಏಳುವ ಮೊದಲೇ ಹೊಸಿಲು ದಾಟಿದಳು. ಮೆಟ್ಟಿಲಿಳಿಯುವಷ್ಟರಲ್ಲಿ ಏದುಸಿರು ಬಂತು. ಗೋಡೆ ಹಿಡಿದು, ಉಸಿರಿಗೂ ಗಂಡನಿಗೂ ಕಾಯುತ್ತ ನಿಂತಳು.